ಹಣಮಪ್ಪನ ಮೊಳಕಾಲು ಹಂಗೇರಿಗೆ ಹೋದದ್ದು

ಜಕ್ಕಲಿಯಿಂದ ಹೊರಟದ್ದು

ಪರದೇಶಕ್ಕೆ ಹೋಗಿಬಂದವರು ಮೊದಲು ಅಲ್ಲಿನ ರಸ್ತೆಗಳನ್ನು ಹೊಗಳಬೇಕು, ಆಮೇಲೆ ನಮ್ಮ ಬಸ್ ಸ್ಟ್ಯಾಂಡನ್ನು ಬೈಯಬೇಕು, ಕೊನೆಗೆ ‘ಏನೇ ಆದರೂ ನಮ್ಮ ಊರೇ ಚೆಂದ’ ಎಂದು ಕಣ್ಣು ಒರೆಸಿಕೊಳ್ಳಬೇಕು. ನನ್ನಿಂದ ಇವು ಮೂರೂ ಆಗುವುದಿಲ್ಲ. ನಾನು ಹೋಗುವಾಗಲೇ ಸಿಟ್ಟಿನಲ್ಲಿದ್ದೆ, ಅಲ್ಲಿದ್ದಷ್ಟು ದಿನ ಸಿಟ್ಟಿನಲ್ಲಿದ್ದೆ, ಬಂದ ಮೇಲಂತೂ ಕೇಳಬೇಡಿ. ಓದುವಾಗ ನಿಮಗೆ ನಗು ಬಂದರೆ ನಗಿರಿ, ಅಡ್ಡಿಯಿಲ್ಲ. ನನ್ನ ಸಿಟ್ಟಿಗೆ ಜನ ನಗುವುದು ಇದೇನು ಮೊದಲಲ್ಲ.

ನಾನು ಜಕ್ಕಲಿಯವನು. ರೋಣದ ಒಂದು ಸಂಸ್ಥೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ಕೆಲಸ. ಸಾಹೇಬರು ಇಲ್ಲದಾಗ ಸಾಹೇಬರ ಹಾಗೆ ಮಾತಾಡಿ ಉಳಿದವರನ್ನು ಹೆದರಿಸುವುದು ನನ್ನ ನಿಜವಾದ ಕೆಲಸ. ಬಸ್ ಕಂಡಕ್ಟರು, ತಲಾಠಿ, ಸಾಲಿ ಮಾಸ್ತರು, ನೆಗಡಿಯಾದ ಎಮ್ಮೆ, ಯಾರ ದನಿ ಕೇಳಿದರೂ ತೆಗೆಯಬಲ್ಲೆ. ನನ್ನ ಸ್ವಂತ ದನಿ ಹೇಗಿದೆ ಎಂದು ಮಾತ್ರ ಮನೆಯವರಿಗೂ ಸರಿಯಾಗಿ ಗೊತ್ತಿಲ್ಲ. ‘ಮಿಮಿಕ್ರಿ ಬಸ್ಯಾ’ ಎಂದರೆ ರೋಣದ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನಿಗೂ ಗೊತ್ತು, ಬಸವರಾಜ ಎಂದರೆ ನಮ್ಮವ್ವನೂ ಒಂದು ಗಳಿಗೆ ಯೋಚಿಸುತ್ತಾಳೆ.

ಸಿಟ್ಟಿನ ಮೂಲ ಹೊಳೆಆಲೂರಿನಲ್ಲಿದೆ. ನಮ್ಮ ಶಾಂತಕ್ಕನನ್ನು ಕೊಟ್ಟಿರುವುದು ಆ ಊರಿನ ಕೆಳಗಿನ ಓಣಿಗೆ. ಮಲಪ್ರಭೆ ತುಂಬಿದಾಗ ಮೊದಲು ತಟ್ಟುವುದು ಆ ಓಣಿಯ ಬಾಗಿಲನ್ನು. ಆದರೆ ನೀರು ಅಲ್ಲಿಗೆ ಬರುವ ಮೊದಲು ಮೇಲ್ದಂಡೆಯ ಕೊಣ್ಣೂರಿನ ಸೇತುವೆಯನ್ನು ದಾಟಬೇಕು. ಆ ಸೇತುವೆಯ ಪಕ್ಕದಲ್ಲಿ ಹುಸೇನಸಾಬ ಚಾಚಾನ ಎಸ್‌ಟಿಡಿ ಬೂತು ಇದೆ. ಬೂತಿನ ಎದುರಿಗೆ, ಹೊಳೆಯ ಅಂಚಿಗೆ, ಹಣಮಪ್ಪನ ಗುಡಿ. ಹೊಳೆ ಏರತೊಡಗಿದರೆ ಚಾಚಾ ಬೂತಿನ ಬಾಗಿಲಲ್ಲಿ ನಿಂತು ಹಣಮಪ್ಪನನ್ನು ನೋಡುತ್ತಾನೆ. ನೀರು ದೇವರ ಮೊಳಕಾಲು ಮುಟ್ಟಿತೋ, ಹೊಳೆಆಲೂರಿಗೆ ಫೋನ್ ಹಚ್ಚಿ ಕೂಗುತ್ತಾನೆ: "ಮೊಳಕಾಲಿಗೆ ಬಂತು, ಏಳ್ರಿ!" ಕೆಳಗಿನ ಓಣಿ ಗಂಟುಮೂಟೆ ಕಟ್ಟಿ ಎದ್ದುಬಿಡುತ್ತದೆ. ಚಾಚಾನ ಅಪ್ಪ ಇದೇ ಸುದ್ದಿಯನ್ನು ಸೈಕಲ್ ಹೊಡೆದುಕೊಂಡು ಹೋಗಿ ಮುಟ್ಟಿಸುತ್ತಿದ್ದನಂತೆ. ಚಾಚಾನ ಮಾತು ಕೇಳಿದರೆ ಮಲಪ್ರಭೆ ಅವನ ಅಪ್ಪಣೆ ಇಲ್ಲದೆ ಹರಿಯುವುದೇ ಇಲ್ಲ.

ಯಾವ ವರ್ಷ ನೀರು ಪಾದಕ್ಕೆ, ಯಾವ ವರ್ಷ ಮೊಳಕಾಲಿಗೆ, ಯಾವ ವರ್ಷ ಟೊಂಕಕ್ಕೆ ಬಂತು ಎಂಬುದನ್ನೆಲ್ಲ ಚಾಚಾನಿಂದ ಕೇಳಿ, ನೆಲದಿಂದ ದೇವರ ಪಾದಕ್ಕೆಷ್ಟು ಎತ್ತರ, ಮೊಳಕಾಲಿಗೆಷ್ಟು ಎಂದು ಟೇಪು ಹಿಡಿದು ಅಳೆದು, ನಮ್ಮ ಸಂಸ್ಥೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿತು. ಹೊಳೆಆಲೂರಿಗೆ ಒಂದು ಸೈರನ್ ಬರುವುದರಲ್ಲಿತ್ತು. ಅದು ಎಷ್ಟು ನೀರಿಗೆ ಕೂಗಬೇಕು ಎನ್ನುವುದಕ್ಕೆ ಈ ಲೆಕ್ಕ ಬೇಕು ಎಂದುಕೊಂಡು ನಾನೇ ಅದನ್ನು ಸರಕಾರಿ ಕಚೇರಿಗೆ ಒಯ್ದೆ.

ಅಲ್ಲಿನ ಅಧಿಕಾರಿ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಹೇಳಿದರು: "ಯಾವನೋ ಬೂತಿನಾಂವ ದೇವ್ರ ಮೊಳಕಾಲ ತೊಯ್ದಾವ ಅಂದ ಅಂತ ಸರಕಾರ ಸೈರನ್ ಹೊಡಿಯಾಕ ಬರತೈತೇನು? ಅಧಿಕೃತ ಮೂಲ ತೋರಸ್ರಿ."

"ನಮ್ಮಕ್ಕನ ಮನಿ ಮುಳಗತೈತ್ರಿ. ಇದಕಿಂತ ಅಧಿಕೃತ ಏನ್ ಬೇಕ್ರಿ?"

"ನಿಮ್ಮಕ್ಕ ಇಂಟರ್ನೆಟ್ಟಿನ್ಯಾಗ ಅದಾಳೇನು? ಯಾವುದರ ಅಂತರರಾಷ್ಟ್ರೀಯ ಪಟ್ಟಿಯೊಳಗ ಇದ್ರ ತರ್ರಿ, ತಗೋತೀವಿ."

ಕೈಗೆ ಕೊಟ್ಟರೆ ಬೇಡ, ಪರದೇಶವನ್ನು ಸುತ್ತಿಸಿ ಕೊಟ್ಟರೆ ಬೇಕು. ಈ ಒಂದು ಮಾತಿಗಾಗಿ ನಾನು ಹಂಗೇರಿಗೆ ಹೋದೆ. ಅಲ್ಲಿನ ಒಂದು ಊರಿನಲ್ಲಿ ಲೋಕದ ನದಿಗಳ ದತ್ತಾಂಶಗಳನ್ನು ಯಾರು ಬೇಕಾದರೂ ಹುಡುಕಿ ತೆಗೆಯುವಂತೆ ಪಟ್ಟಿ ಮಾಡುತ್ತಿದ್ದರು. ನಮ್ಮ ಸಂಸ್ಥೆಯ ಸಾಹೇಬರಿಗೆ ಕರೆ ಬಂದಿತ್ತು. ಸಾಹೇಬರಿಗೆ ಕಂಪ್ಯೂಟರ್ ಬಾರದ ಕಾರಣ ಚೀಲ ಹೊರಲು ನನಗೂ ಬಂತು.

ರೈಲಿನ ಕಿಟಕಿ

ವಿಮಾನ ನಿಲ್ದಾಣದ ತಪಾಸಣೆಯವನು ನನ್ನ ಚೀಲದಿಂದ ಖಡಕ್ ರೊಟ್ಟಿಯ ಕಟ್ಟು ತೆಗೆದು ಬಡಿದು ನೋಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದ. ಅವನೂ ಬಡಿದ. ಇದು ಊಟದ ಪದಾರ್ಥ ಎಂದು ನಂಬಿಸಲು ನಾನು ಅಲ್ಲೇ ಒಂದು ರೊಟ್ಟಿ ಮುರಿದು ಗುರೆಳ್ಳು ಚಟ್ನಿ ಹಚ್ಚಿ ತಿಂದು ತೋರಿಸಬೇಕಾಯಿತು. ಸಾಹೇಬರು ನನ್ನ ಪರಿಚಯವೇ ಇಲ್ಲದವರಂತೆ ನಾಲ್ಕು ಹೆಜ್ಜೆ ಆಚೆ ನಿಂತು ಗೋಡೆಯ ಮೇಲಿನ ಜಾಹೀರಾತು ಓದುತ್ತಿದ್ದರು.

ಅಲ್ಲಿಂದ ರೈಲು. ರಾಜಧಾನಿ ದಾಟಿ ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ನೋಡಿ ನನಗೆ ಮೋಸ ಹೋದಂತಾಯಿತು. ಕಣ್ಣು ಹಾಯುವಷ್ಟು ದೂರ ಸಪಾಟು ನೆಲ. ಕರಿ ಮಣ್ಣು. ಸೂರ್ಯಕಾಂತಿ, ಗೋವಿನಜೋಳ, ಮತ್ತೆ ಸೂರ್ಯಕಾಂತಿ. ಇಷ್ಟು ದೂರ ಹಾರಿ ಬಂದು ನರಗುಂದದಲ್ಲೇ ಇಳಿದ ಹಾಗೆ! ಒಂದು ಗುಡ್ಡ ಕಡಿಮೆ, ಅಷ್ಟೇ. ಎದುರಿಗೆ ಕುಳಿತ ಅಜ್ಜಿ ಸೂರ್ಯಕಾಂತಿ ಬೀಜವನ್ನು ಹಲ್ಲಿನಲ್ಲಿ ಒಡೆದು ಸಿಪ್ಪೆಯನ್ನು ಕಾಗದದ ಪೊಟ್ಟಣಕ್ಕೆ ಉಗುಳುತ್ತಿದ್ದಳು. ನನಗೂ ಒಂದು ಹಿಡಿ ಕೊಟ್ಟಳು. ಸಾಹೇಬರಿಗೂ ಚಾಚಿದಳು. ಅವರು ಎರಡು ಸಲ ಗಂಟಲು ಸರಿಮಾಡಿಕೊಂಡು, "ಬೇಸಿಕಲಿ, ನೋ" ಎಂದರು. ಸಾಹೇಬರ ಗಂಟಲಿನ ಈ ಎರಡು ಸಪ್ಪಳ ಮತ್ತು ‘ಬೇಸಿಕಲಿ’ಯನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಬಿಯರು ಮತ್ತು ಹಣ್ಣಿನ ಸಾರು

ನದಿಯ ದಂಡೆಯ ಆ ಊರಿನಲ್ಲಿ ಜನ ಲಿಫ್ಟಿನಿಂದ ಇಳಿಯುವಾಗ ಗುರುತಿಲ್ಲದವರಿಗೂ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅದು ರೈಲಿನಷ್ಟು ಉದ್ದದ ಮಾತು: ವಿಸೊಂತ್ಲಾತಾಶ್ರಾ. ಮೊದಲ ದಿನವೇ ಅದನ್ನು ಕಲಿತು ಒಬ್ಬ ಮುದುಕನ ದನಿಯಲ್ಲೇ ಅವನಿಗೆ ತಿರುಗಿಸಿ ಹೇಳಿದೆ. ಅವನು ಇಳಿಯುವುದನ್ನೇ ಮರೆತು ನಮ್ಮ ಜೊತೆ ಮೇಲಿನ ಮಹಡಿಗೆ ಬಂದುಬಿಟ್ಟ.

ಊಟದಲ್ಲಿ ಕೆಂಪಗಿನ ಸಾರು ಇಟ್ಟರು. ಅವರದು ಮೆಣಸಿನಕಾಯಿಯ ದೇಶ. ನಮ್ಮಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನು ಅಂಗಳದಲ್ಲಿ ಹರಡಿದರೆ ಇವರು ಸರ ಮಾಡಿ ಮನೆಯ ಮುಂದೆ ತೂಗುಹಾಕುತ್ತಾರೆ ಎಂದು ಕೇಳಿದ್ದೆ. ಸಂತೋಷದಿಂದ ರೊಟ್ಟಿ ಮುರಿದು, ಚಟ್ನಿ ಉದುರಿಸಿ, ಅದ್ದಿ ಬಾಯಿಗಿಟ್ಟೆ. ತಣ್ಣಗೆ! ಸಿಹಿ! ಹುಳಿಹಣ್ಣು, ಸಕ್ಕರೆ, ಕೆನೆ ಹಾಕಿ ಕುದಿಸಿ ಆರಿಸಿದ ಸಾರು. ಉಗುಳುವಂತಿಲ್ಲ, ನುಂಗುವಂತಿಲ್ಲ. ಆತಿಥ್ಯ ಕೊಟ್ಟವರು ನನ್ನ ಕಣ್ಣೀರು ನೋಡಿ ರುಚಿಗೆ ಮರುಳಾದನೆಂದು ಇನ್ನೊಂದು ಬಟ್ಟಲು ತಂದರು.

ಸಾಹೇಬರದು ಬೇರೆ ಗತಿ. ಬಿಯರಿನ ಗ್ಲಾಸನ್ನು ಎತ್ತಿ ಪಕ್ಕದವರ ಗ್ಲಾಸಿಗೆ ಟಿಣ್ ಎಂದು ತಾಕಿಸಿದರು. ಮೇಜಿನವರೆಲ್ಲ ತಮ್ಮ ಗ್ಲಾಸು ಕೆಳಗಿಟ್ಟರು. ಹಿಂದೆಂದೋ ಇವರ ಸೇನಾನಿಗಳನ್ನು ಗಲ್ಲಿಗೆ ಹಾಕಿದವರು ಬಿಯರ್ ಗ್ಲಾಸು ತಾಕಿಸಿ ಸಂಭ್ರಮಿಸಿದರಂತೆ. ಅಂದಿನಿಂದ ಇವರು ಬಿಯರಿನ ಗ್ಲಾಸು ತಾಕಿಸುವುದಿಲ್ಲ. ನನಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿದ್ದು ಆವಾಗ. ಬಂಡಾಯದ ಊರು ನರಗುಂದದ ಪಕ್ಕದವನು ನಾನು. ಒಂದೂವರೆ ಶತಮಾನ ಸಿಟ್ಟನ್ನು ಹಳಸಗೊಡದೆ ಇಟ್ಟವರನ್ನು ಕಂಡರೆ ಗೌರವ ಬರುತ್ತದೆ. ನಮ್ಮಲ್ಲೂ ಸಿಟ್ಟಿದೆ, ಆದರೆ ಕಚೇರಿಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅದು ‘ಹೌದ್ರೀ ಸಾಹೇಬ್ರ’ ಆಗಿಬಿಟ್ಟಿರುತ್ತದೆ.

ಇಲೋನಾಳ ಮೇಜು

ಪಟ್ಟಿಯ ಉಸ್ತುವಾರಿ ಇಲೋನಾ ಎಂಬ ಹೆಂಗಸಿನದು. ಕತ್ತಿಗೆ ಕನ್ನಡಕ ತೂಗುಬಿಟ್ಟುಕೊಂಡು, ನಗುವುದನ್ನು ಕಡಿಮೆ ಮಾಡಿದವಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಸಮಸಮ ಕುಂಟು, ಹಾಗಾಗಿ ಜೋಡಿ ಚೆನ್ನಾಗಿ ನಡೆಯಿತು. ಗಜೇಂದ್ರಗಡದ ನಮ್ಮ ಚಿಗವ್ವ ತಾನೇ ನೇಯ್ದ ಸೀರೆಯೊಂದನ್ನು ‘ಅಲ್ಲಿ ಯಾರರ ಛಲೋ ಮಂದಿಗೆ ಕೊಡು’ ಎಂದು ಕಟ್ಟಿಕೊಟ್ಟಿದ್ದಳು. ಅದನ್ನು ಇಲೋನಾಳಿಗೆ ಕೊಟ್ಟೆ. ಮರುದಿನ ನೋಡಿದರೆ ಅವಳ ಆಫೀಸಿನ ಕಿಟಕಿಗೆ ಪರದೆಯಾಗಿತ್ತು. ಬಿಸಿಲು ಬಿದ್ದಾಗ ಚೆಂದವೇ ಕಾಣುತ್ತಿತ್ತು, ಬಿಡಿ, ಚಿಗವ್ವನಿಗೆ ಹೇಳಿಲ್ಲ.

ಅವಳ ಕೆಲಸದ ಹೆಸರು ಮೆಟಾಡೇಟಾ. ದೊಡ್ಡ ಹೆಸರು, ಸಣ್ಣ ಮಾತು. ನಮ್ಮಲ್ಲಿ ಲಗ್ನಕ್ಕೆ ಕೊಟ್ಟ ಕೊಡ, ಪರಾತ, ತಂಬಿಗೆಗಳ ಮೇಲೆ ‘ಶಾಂತವ್ವನ ಲಗ್ನಕ್ಕ ಸ್ವಾದರಮಾವ’ ಎಂದು ಕೆತ್ತಿಸುತ್ತೇವಲ್ಲ, ಅದೇ. ಹತ್ತು ಮನೆಯ ಪಾತ್ರೆ ಒಂದೇ ಕಡೆ ಸೇರಿದಾಗ ಯಾವುದು ಯಾರದು, ಎಲ್ಲಿಂದ ಬಂತು, ಯಾತಕ್ಕೆ ಬಂತು ಎಂದು ಕೆತ್ತನೆಯೇ ಹೇಳಬೇಕು. ಕೆತ್ತನೆ ಇಲ್ಲದ ಕೊಡ ಕಳೆದುಹೋಗುವುದಿಲ್ಲ, ಕಣ್ಣೆದುರೇ ಇರುತ್ತದೆ, ಆದರೆ ನಿಮಗೆ ಸಿಗುವುದಿಲ್ಲ. ದತ್ತಾಂಶವೂ ಹಾಗೇ. ಹೆಸರು, ಜಾಗ, ಕಾಲ, ಅಳತೆ, ಮಾಡಿದವರು, ಹುಡುಕುವವರು ಯಾವ ಪದ ಹಾಕಿ ಹುಡುಕಬಹುದು, ಇವನ್ನೆಲ್ಲ ನಮೂನೆಯ ಅದರದರ ಮನೆಯಲ್ಲಿ ತುಂಬಬೇಕು. ಆಗ ಲೋಕದ ಯಾವ ಮೂಲೆಯಿಂದ ಹುಡುಕಿದರೂ ಸಿಗುತ್ತದೆ.

ಇದನ್ನು ಸಾಹೇಬರು ಮುಂಚೆಯೇ ಬೇರೆ ಯಾರಿಂದಲೋ ತುಂಬಿಸಿಟ್ಟಿದ್ದರು. ಇಲೋನಾ ತೆರೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದಳು. ಹೆಸರು: ಸಮಗ್ರ ನದಿಪಾತ್ರ ಸಹಭಾಗಿತ್ವ ಉಪಕ್ರಮ, ಎರಡನೆಯ ಹಂತ. ಜಾಗ: ದಕ್ಷಿಣ ಏಷ್ಯಾ. ಹುಡುಕುಪದಗಳು: ಅಭಿವೃದ್ಧಿ, ಸಬಲೀಕರಣ, ಸುಸ್ಥಿರತೆ. ಮಾಡಿದವರು: ಸಾಹೇಬರು.

"ನದಿಯ ಹೆಸರೇನು?" ಎಂದಳು ಇಲೋನಾ.

"ಮಲಪ್ರಭಾ."

"ಇಲ್ಲಿ ಇಲ್ಲವಲ್ಲ. ಮನೆಗೆ ನೀರು ನುಗ್ಗುತ್ತಿರುವವನು ಕಂಪ್ಯೂಟರಿನ ಮುಂದೆ ಕುಳಿತು ‘ಸಬಲೀಕರಣ’ ಎಂದು ಹುಡುಕುತ್ತಾನೆಯೇ?"

ನನ್ನ ಮೈ ಉರಿಯಿತು. ಅಕ್ಕನ ಓಣಿಯನ್ನು ದಕ್ಷಿಣ ಏಷ್ಯಾದಲ್ಲಿ ಮುಳುಗಿಸಿಟ್ಟಿದ್ದರು. ಅಂದು ಮಧ್ಯಾಹ್ನವೆಲ್ಲ ಕೂತು ಹೆಸರನ್ನು ಹೊಸದಾಗಿ ಬರೆದೆ: ಮಲಪ್ರಭಾ ನದಿಯ ಪ್ರವಾಹದ ಎತ್ತರ, ಕೊಣ್ಣೂರು ಸೇತುವೆ. ಹುಡುಕುಪದಗಳ ಮನೆಯಲ್ಲಿ ಹೊಳೆಆಲೂರನ್ನು ರೈಲ್ವೆಯವರು ಬರೆಯುವ ಹಾಗೆ, ಪೋಸ್ಟಿನವರು ಬರೆಯುವ ಹಾಗೆ, ಶಾಂತಕ್ಕ ಅನ್ನುವ ಹಾಗೆ, ಎಲ್ಲ ರೂಪದಲ್ಲೂ ಸೇರಿಸಿದೆ. ಯಾವನು ಹೇಗೆ ಹುಡುಕಿದರೂ ನಮ್ಮ ಬಾಗಿಲಿಗೇ ಬಂದು ಬೀಳಬೇಕು. ಹೆಸರು ಬದಲಾದದ್ದಕ್ಕೆ ಸಾಹೇಬರು ಅಷ್ಟೇನೂ ತಕರಾರು ಮಾಡಲಿಲ್ಲ. ‘ಮಾಡಿದವರು’ ಎಂಬ ಮನೆಯನ್ನು ನಾನು ಮುಟ್ಟಿರಲಿಲ್ಲವಲ್ಲ.

ಗೋಡೆಯ ಮೇಲಿನ ಗೆರೆ

ಮರುದಿನ ಇಲೋನಾ ನನ್ನನ್ನು ಹೊಳೆದಂಡೆಗೆ ಕರೆದೊಯ್ದಳು. ಒಂದು ಹಳೆಯ ಗೋಡೆಯ ಮೇಲೆ ನೀರು ಬಂದ ವರ್ಷಗಳ ಗೆರೆಗಳಿದ್ದವು. ಅದರಲ್ಲೊಂದು ಗೆರೆ ಸುಳ್ಳು ಎಂದಳು. ಗೋಡೆ ಬಿದ್ದಾಗ ಮತ್ತೆ ಕಟ್ಟಿದವರು ಗೆರೆಯ ಕಲ್ಲನ್ನು ಎರಡು ಸಾಲು ಮೇಲೆ ಕೂರಿಸಿಬಿಟ್ಟರಂತೆ. "ನಾವು ಆ ಕಲ್ಲನ್ನು ಕೀಳಲಿಲ್ಲ. ಪಟ್ಟಿಯಲ್ಲಿ ಒಂದು ಟಿಪ್ಪಣಿ ಹಾಕಿದ್ದೇವೆ. ನಿಮ್ಮ ಸೊನ್ನೆ ಎಲ್ಲಿದೆ, ನೀರನ್ನು ಎಲ್ಲಿಂದ ಎಣಿಸುತ್ತೀರಿ?"

"ಹಣಮಪ್ಪನ ಪಾದದಲ್ಲಿ."

ನಗುತ್ತಾಳೆ ಎಂದು ಕಾದೆ. ನಗಲಿಲ್ಲ. "ಅವನು ಅಲುಗಾಡುವುದಿಲ್ಲ ತಾನೇ?"

"ದೇವರು ಎಲ್ಲಿಗೆ ಹೋಗುತ್ತಾನೆ?" ಎಂದು ನಾನೇ ನಕ್ಕೆ.

ಆಫೀಸಿಗೆ ಬಂದು ಅವಳು ನಮ್ಮ ಕಡತದಲ್ಲಿದ್ದ ಎರಡು ಫೋಟೋಗಳನ್ನು ತೆರೆಯ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಬಹಳ ಹಳೆಯದು. ಇನ್ನೊಂದು ನಾವು ಅಳತೆ ಮಾಡುವಾಗ ತೆಗೆದದ್ದು. ಹಳೆಯದರಲ್ಲಿ ಹಣಮಪ್ಪ ನೆಲದ ಮೇಲೆಯೇ ನಿಂತಿದ್ದ. ಹೊಸದರಲ್ಲಿ ಅವನ ಕೆಳಗೆ ಥಳಥಳ ಹೊಳೆಯುವ ಮೂರು ಕಲ್ಲುಗಳಿದ್ದವು.

"ಇವರಿಬ್ಬರೂ ಬೇರೆ ಬೇರೆ ದೇವರೇ?"

"ಅದೇ ದೇವರು."

"ಹಾಗಿದ್ದರೆ ಇವನು ಬೆಳೆದಿದ್ದಾನೆ," ಎಂದಳು ಇಲೋನಾ.

ಗುಡಿಯ ಜೀರ್ಣೋದ್ಧಾರ ಆಗಿತ್ತು. ಇಡೀ ಸೀಮೆಗೆ ಗೊತ್ತು. ಅಂದಿನ ಹೋಳಿಗೆ ನಾನೂ ಉಂಡಿದ್ದೆ. ಆದರೆ ಪ್ರತಿಷ್ಠಾಪನೆ ಆದಮೇಲೆ ದೇವರನ್ನು ‘ಎತ್ತಿ ಇಟ್ಟೆವು’ ಎಂದು ನಮ್ಮಲ್ಲಿ ಯಾರೂ ಆಡುವುದಿಲ್ಲ. ಅದು ಅಪಶಕುನದ ಮಾತು. ‘ಹಣಮಪ್ಪ ತನ್ನ ಜಾಗಾದಾಗ ನಿಂತಾನ’ ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಹಳೆಯ ದೇವರ ಮೊಳಕಾಲಿದ್ದ ಎತ್ತರಕ್ಕೆ ಈಗ ಪಾದ ಬಂದಿತ್ತು. ಅದಾದ ಮೇಲೆ ಬಂದದ್ದೆಲ್ಲ ಮಳೆ ಇಲ್ಲದ ವರ್ಷಗಳೇ. ನೀರು ಗುಡಿಯ ಹತ್ತಿರವೂ ಸುಳಿದಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಇನ್ನು ಮುಂದೆ ಚಾಚಾ ಮೊಳಕಾಲಿಗೆ ಕಾಯುತ್ತ ನಿಂತರೆ, ಅವನು ಫೋನ್ ಹಚ್ಚುವ ಹೊತ್ತಿಗೆ ಕೆಳಗಿನ ಓಣಿಯಲ್ಲಿ ಫೋನ್ ಎತ್ತಲು ಯಾರೂ ಇರುವುದಿಲ್ಲ. ನಮ್ಮ ಲೆಕ್ಕ ನಂಬಿ ಕೂರಿಸುವ ಸೈರನ್ನೂ ಅಷ್ಟೇ ತಡವಾಗಿ ಕೂಗುತ್ತದೆ.

ಊರಿನಲ್ಲಿ ಅದು ಆಷಾಢ. ಆ ವರ್ಷ ಮಳೆ ಜೋರಾಗಿತ್ತು.

ಫೋನಿನ ಡಬ್ಬಿ

ರಸ್ತೆಯ ಆಚೆ ಬದಿಗೆ ಗಾಜಿನ ಫೋನಿನ ಡಬ್ಬಿ ಇತ್ತು. ಕಾರ್ಡು ತೂರಿಸಿ ಕೊಣ್ಣೂರಿಗೆ ಹಚ್ಚಿದೆ. ಆ ಕಡೆ ಮಳೆಯ ಸಪ್ಪಳ, ಬಸ್ಸಿನ ಹಾರ್ನು, ಅದರ ಮೇಲೆ ಚಾಚಾನ ದನಿ.

"ಚಾಚಾ, ನಾ ಬಸ್ಯಾ. ಜೀರ್ಣೋದ್ಧಾರದಾಗ ಹಣಮಪ್ಪನ್ನ ಎಷ್ಟ ಮ್ಯಾಲ ಎತ್ತೀರಿ?"

"ಏ ಮಬ್ಬ, ಪರದೇಶದಾಗಿಂದ ಕೇಳೂ ಮಾತೇನೋ ಇದು?" ಎಂದ ಚಾಚಾ. "ಎತ್ತೀರಿ ಅನಬ್ಯಾಡ. ದೇವ್ರ ತನ್ನ ಜಾಗಾದಾಗ ಅದಾನ."

"ಜಾಗಾ ಅದ ಐತ್ರಿ. ಎತ್ತರಾ?"

"ಮೂರ ಕಲ್ಲ. ಇಳಕಲ್ಲಿಂದ ಲಾರಿ ತರಿಸಿದಾಂವ ನಾನ. ಕಮಿಟಿಯಾಗ ನನ್ನ ಮಾತ ನಡೀತೈತಿ ತಿಳಕೋ."

"ಹಂಗಾರ ಈಗ ನೀರ ಮೊಳಕಾಲಿಗೆ ಬಂದ್ರ, ಮೊದಲಿನ ಲೆಕ್ಕದಾಗ ಎಲ್ಲಿಗಿ ಬಂದಂಗಾತ್ರಿ?"

"ಮೊಳಕಾಲಂದ್ರ ಮೊಳಕಾಲ! ಇಷ್ಟ ವರ್ಷ ನನ್ನ ಫೋನ್ ಒಮ್ಮೆರ ತಪ್ಪೈತೇನಲೇ?"

"ಗುಡಿ ಆದಮ್ಯಾಲ ನೀರs ಬಂದಿಲ್ಲಲ್ರಿ ಚಾಚಾ! ಬಂದ್ರ ತಾನ ತಪ್ಪೂದು?"

ಹುಸೇನಸಾಬ ಚಾಚಾ ಜೀವಮಾನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ, "ನೀರ ಎದಿ ಮಟಾ ಬರತೈತಲ್ಲೋ ಓಣ್ಯಾಗ," ಎಂದ.

"ಅದಕ್ಕs ಪಾದ ಮುಟ್ಟಿದ ಕೂಡಲೇ ಫೋನ್ ಹಚ್ರಿ. ಪಾದಕ್ಕ ಬಂತು ಅಂತ ಹೇಳ್ರಿ."

"ಹುಚ್ಚಪ್ಯಾಲಿ! ಪಾದಕ್ಕ ಬಂತು ಅಂದ್ರ ಯಾವ ಮಗಾ ಏಳ್ತಾನ? ಗಂಗವ್ವ ಬಂದು ದೇವ್ರ ಪಾದಾ ತೊಳದ್ಲು ಅಂತ ಕಾಯಿ ಒಡೀತಾರ, ಸಕ್ರಿ ಹಂಚತಾರ!"

ಅದು ಖರೇ ಮಾತು. ನಮ್ಮಲ್ಲಿ ಪಾದ ಎಂದರೆ ಹಬ್ಬ, ಮೊಳಕಾಲೆಂದರೆ ಓಟ. ಇದನ್ನು ಯಾವ ಟಿಪ್ಪಣಿಯಲ್ಲಿ ಬರೆಯಲಿ? ಇಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡಿದೆವು. ಕಾರ್ಡು ಖಾಲಿಯಾಗಿ ಫೋನ್ ತಾನೇ ಕಡಿಯಿತು. ಕೊನೆಗೆ ಕೇಳಿದ್ದು, "ನನಗ ಹೇಳಾಕ ಬರಬ್ಯಾಡ, ನಾ ಸೇತುವಿ ಮ್ಯಾಲ ಹುಟ್ಟಿದಾಂವ..."

ವಾಪಸು ಬಂದು ಸಾಹೇಬರಿಗೆ ಹೇಳಿದೆ. ಹಳೆಯ ಅಳತೆಗಳನ್ನೆಲ್ಲ ಮೂರು ಕಲ್ಲಿನಷ್ಟು ಇಳಿಸಬೇಕು, ಯಾಕೆಂದು ಟಿಪ್ಪಣಿ ಹಾಕಬೇಕು ಎಂದೆ.

ಸಾಹೇಬರು ಎರಡು ಸಲ ಗಂಟಲು ಸರಿಮಾಡಿಕೊಂಡರು. "ಬೇಸಿಕಲಿ, ನೋಡಪಾ ಬಸವರಾಜ್. ನಮ್ಮ ಅಳತಿ ತಪ್ಪೈತಿ ಅಂತ ನಾವs ಬರಕೊಟ್ರ ಮುಂದಿನ ಹಂತಕ್ಕ ರೊಕ್ಕಾ ಯಾರ ಕೊಡ್ತಾರ? ಟಿಪ್ಪಣಿ ಬ್ಯಾಡ."

"ಸರ, ಮಂದಿ ಸಾಯ್ತಾರ್ರಿ."

"ಮಂದಿ ದತ್ತಾಂಶ ಓದಿ ಸಾಯಂಗಿಲ್ಲಪಾ," ಎಂದು ಸಾಹೇಬರು ನಕ್ಕರು. ಜೋಕು ಮಾಡುವುದು ನನ್ನ ಕೆಲಸ. ಅವರು ಮಾಡಿದಾಗ ಹೊಡೆಯಬೇಕೆನ್ನಿಸಿತು.

ಬಿಸಿನೀರಿನ ಕೊಳ

ಆ ದೇಶದಲ್ಲಿ ನೆಲದಿಂದ ಬಿಸಿನೀರು ಏಳುತ್ತದೆ. ಅದನ್ನು ಕೊಳಕ್ಕೆ ಹಾಯಿಸಿ, ಗಂಡಸರು ಕುತ್ತಿಗೆಯ ತನಕ ಮುಳುಗಿ ಚದುರಂಗ ಆಡುತ್ತಾರೆ. ಕೊನೆಯ ದಿನ ಸಾಹೇಬರು ಅಲ್ಲಿಗೆ ಹೋದರು. ತಲೆಗೆ ಕಡ್ಡಾಯದ ರಬ್ಬರ್ ಟೊಪ್ಪಿಗೆ ಹಾಕಿಸಿಕೊಂಡು, ಎದೆಯ ತನಕ ನೀರಿನಲ್ಲಿ ಕೂತ ಅವರನ್ನು ಕಿಟಕಿಯಿಂದ ನೋಡಿದೆ. ಎದೆಯ ತನಕ ನೀರು ಎಂದರೆ ಅವರಿಗೆ ಅಷ್ಟೇ.

ಅಂದು ಸಂಜೆಗೆ ಪಟ್ಟಿ ಮುಚ್ಚುವುದಿತ್ತು. ಇಲೋನಾಳ ಬಳಿ ಓಡಿದೆ. ಅವಳು ಟಿಪ್ಪಣಿಯ ಖಾಲಿ ಮನೆಯನ್ನು ತೋರಿಸಿ ಹೇಳಿದಳು: "ನನಗೂ ಕಾಣುತ್ತಿದೆ. ಆದರೆ ನಿಯಮ ಇದೆ. ‘ಮಾಡಿದವರು’ ಎಂದು ಯಾರ ಹೆಸರಿದೆಯೋ ಅವರ ಬಾಯಿಂದಲೇ ಒಪ್ಪಿಗೆ ಬರಬೇಕು. ಫೋನಿನಲ್ಲಾದರೂ ಸರಿ."

ಫೋನಿನಲ್ಲಾದರೂ ಸರಿ!

ರಸ್ತೆ ದಾಟಿ, ಡಬ್ಬಿಯೊಳಗೆ ಹೊಕ್ಕು, ಹೊಸ ಕಾರ್ಡು ತೂರಿಸಿ, ಅವಳ ಮೇಜಿನ ನಂಬರು ಒತ್ತಿದೆ. ಎರಡು ಸಲ ಗಂಟಲು ಸರಿಮಾಡಿಕೊಂಡೆ. "ಬೇಸಿಕಲಿ," ಎಂದೆ. ದನಿ ಅಷ್ಟು ಸರಿಯಾಗಿ ಬಂತು ಎಂದರೆ ನನಗೇ ನನ್ನ ಮೇಲೆ ಅಸಹ್ಯವಾಯಿತು. ಅಳತೆಗಳನ್ನು ತಿದ್ದಬೇಕು, ಟಿಪ್ಪಣಿ ಹಾಕಬೇಕು ಎಂದೆ. ಕೈ ಹಾಕಿದ ಮೇಲೆ ಬಿಡುವುದೇಕೆ ಎಂದು, ‘ಮಾಡಿದವರು’ ಎಂಬಲ್ಲಿ ನನ್ನ ಹೆಸರು ತೆಗೆದು ನೀರು ಕಾಯ್ದವನ ಹೆಸರು ಹಾಕಿರಿ ಎಂದೂ ಸಾಹೇಬರಾಗಿಯೇ ಅಪ್ಪಣೆ ಕೊಟ್ಟೆ.

"ಅವರ ಪೂರ್ತಿ ಹೆಸರು?" ಎಂದಳು ಇಲೋನಾ.

"ಹುಸೇನಸಾಬ, ಕೊಣ್ಣೂರು ಸೇತುವೆ."

ಮೇಲೆ ಬಂದಾಗ ಅವಳು ಟೈಪು ಮಾಡುತ್ತಿದ್ದಳು. ತಲೆ ಎತ್ತದೆ, "ನಿಮ್ಮ ಸಾಹೇಬರು ಫೋನ್ ಮಾಡಿದ್ದರು," ಎಂದಳು. "ಒಳ್ಳೆಯ ಮನುಷ್ಯ. ಆದರೆ ನನ್ನ ಕಿಟಕಿಯಿಂದ ಆ ಡಬ್ಬಿ ಕಾಣುತ್ತದೆ." ಕಿಟಕಿಯ ಸೀರೆ ಒಂದು ಬದಿಗೆ ಸರಿದಿತ್ತು. ಅವಳು ನಗಲಿಲ್ಲ. ಕೊನೆಯ ಗುಂಡಿ ಒತ್ತಿ, ನನ್ನ ಕೈ ಕುಲುಕಿ, ವಿಸೊಂತ್ಲಾತಾಶ್ರಾ ಎಂದಳು. ನಾನೂ ಅಂದೆ. ಯಾರನ್ನೂ ಅನುಕರಿಸುವ ಮನಸ್ಸಾಗಲಿಲ್ಲ.

ಸಾಹೇಬರು ಯಾರನ್ನೋ ಹಿಡಿದು ವಿಮಾನ ನಿಲ್ದಾಣದ ಕಂಪ್ಯೂಟರಿನಲ್ಲಿ ಪಟ್ಟಿ ತೆರೆಸಿ, ತಮ್ಮ ಹೆಸರು ನೋಡಲು ಹೋಗಿ ಹುಸೇನಸಾಬನನ್ನು ಕಂಡರು. ದಾರಿಯುದ್ದಕ್ಕೂ ಅವರು ಒಂದು ಸಾಲಿನಲ್ಲಿ, ನಾನು ಒಂದು ಸಾಲಿನಲ್ಲಿ. ಹುಬ್ಬಳ್ಳಿಯಲ್ಲಿ ಇಳಿಯುವ ಹೊತ್ತಿಗೆ ನನ್ನ ನೌಕರಿ ಹೋಗಿತ್ತು.

ಹೊಳೆಆಲೂರು

ನೌಕರಿ ಇಲ್ಲದವನು ಅಕ್ಕನ ಮನೆಗಲ್ಲದೆ ಎಲ್ಲಿಗೆ ಹೋಗುತ್ತಾನೆ? ನಾನು ಹೋದ ಎರಡನೆಯ ದಿನ ಅಣೆಕಟ್ಟಿನ ಬಾಗಿಲು ತೆಗೆದರೆಂದು ಸುದ್ದಿ ಬಂತು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಫೋನು ಹೊಡೆದುಕೊಂಡಿತು. ನಾನೇ ಓಡಿ ಎತ್ತಿದೆ.

"ಮೊಳಕಾಲಿಗೆ ಬಂತು, ಏಳ್ರಿ!"

"ಚಾಚಾ, ನಾ ಬಸ್ಯಾ. ಪಾದೋ ಮೊಳಕಾಲೋ ಖರೇ ಹೇಳ್ರಿ."

"ನೀರ ಪಾದಕ್ಕ ಐತಿ. ಇಲ್ಲೆ ಮಂದಿ ಕಾಯಿ ಒಡ್ಯಾಕ ಸಾಲ ಹಚ್ಚ್ಯಾರ. ಆದ್ರ ನಿಮ್ಮ ಓಣಿಗೆ ನಾ ಮೊಳಕಾಲs ಅನ್ನಾಂವ. ಹಳೇ ಹಣಮಪ್ಪನ ಮೊಳಕಾಲ! ನನ್ನ ಲೆಕ್ಕಾ ನಾ ತಪ್ಪಸಂಗಿಲ್ಲ. ಬಾಯಿ ಮುಚಗೊಂಡು ಎಬ್ಬಸ ಲಗೂ!"

ಹಂಗೇರಿಯವರ ಟಿಪ್ಪಣಿಗಿಂತ ಇದೇ ಸರಿ ಎನ್ನಿಸಿತು. ಚಾಚಾ ಶಬ್ದವನ್ನು ಮುಟ್ಟಲಿಲ್ಲ, ಅದರ ಕೆಳಗಿನ ಮೂರು ಕಲ್ಲುಗಳನ್ನು ತೆಗೆದುಬಿಟ್ಟಿದ್ದ. ಇಡೀ ಓಣಿ ‘ಮೊಳಕಾಲು’ ಎಂಬ ಒಂದೇ ಮಾತಿಗೆ ಎದ್ದಿತು. ನಾವು ಹಾಸಿಗೆ, ಎಮ್ಮೆ, ಮುದುಕರು, ಕೊಡ, ಪರಾತಗಳನ್ನು ಎತ್ತರದಲ್ಲಿದ್ದ ಶಾಲೆಗೆ ಸಾಗಿಸಿದೆವು. "ಹೊಳಿ ಇನ್ನೂ ಅಲ್ಲೆಲ್ಲೋ ಐತಿ, ಈಗs ಓಡಸ್ತಾನ ನೋಡ," ಎಂದು ಶಾಂತಕ್ಕ ದಾರಿಯುದ್ದಕ್ಕೂ ನನ್ನನ್ನು ಬೈದಳು. ಊಟದ ಹೊತ್ತಿಗೆ ಅವಳ ಮನೆಯ ಬಾಗಿಲು ಅರ್ಧ ಮುಳುಗಿತ್ತು. ಬೈಗುಳ ನಿಂತಿತು. ಓಣಿಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ನೀರಿಳಿದ ಮೇಲೆ, ಶಾಲೆಯ ಕಟ್ಟೆಯ ಮೇಲೆ ಹೆಂಗಸರು ಕೂಡಿಹೋದ ಪಾತ್ರೆಗಳ ಕೆತ್ತನೆ ಓದಿ ಓದಿ ತಮ್ಮತಮ್ಮದು ಆರಿಸಿಕೊಳ್ಳುತ್ತಿದ್ದರು. ಚಾಚಾ ಮೊದಲ ಬಸ್ಸಿಗೇ ಕೊಣ್ಣೂರಿನಿಂದ ಬಂದು, ತಾನು ಉಳಿಸಿದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತ ಮೀಸೆ ತೀಡುತ್ತಿದ್ದ. ಅಷ್ಟರಲ್ಲಿ ಜೀಪು ಬಂತು. ಅದೇ ಅಧಿಕಾರಿ. ಸಂಗಡ ಒಬ್ಬ ಪೇಂಟರು, ಕೈಯಲ್ಲೊಂದು ಹಾಳೆ.

"ಸೈರನ್ ಎಷ್ಟ ನೀರಿಗೆ ಹೊಡಕೋಬೇಕಂತ ಕಂಬಕ್ಕ ಗುರುತು ಹಾಕಾಕ ಬಂದೀವಿ," ಎಂದರು. "ಈಗ ಅಧಿಕೃತ ಮೂಲ ಸಿಕ್ಕೈತಿ. ಮಲಪ್ರಭಾ ಅಂತ ಹೊಡದ್ರ ಇಂಟರ್ನೆಟ್ಟಿನ್ಯಾಗ ಇದs ಮೊದಲ ಬರತೈತಿ." ಹಾಳೆಯನ್ನು ನಮ್ಮ ಮುಖಕ್ಕೇ ಹಿಡಿದು ಕನ್ನಡ ಮಾಡಿ ಓದಿದರು: ದೇವರನ್ನು ಮೂರು ಕಲ್ಲಿನ ಮೇಲೆ ನಿಲ್ಲಿಸಿದ ನಂತರ, ಪಾದವನ್ನೇ ಹಳೆಯ ಮೊಳಕಾಲೆಂದು ತಿಳಿಯತಕ್ಕದ್ದು. "ನೋಡ್ರಿ, ಎಷ್ಟ ಕರೆಕ್ಟ್ ಬರದಾರ! ನೀವೂ ಕೊಟ್ಟಿದ್ರಿ ಒಂದ ಹಾಳಿ. ಅದರಾಗ ಇದರದೊಂದ ಅಕ್ಷರರ ಇತ್ತೇನು?"

ಚಾಚಾ ಮುಂದೆ ಬಂದ. "ಯಾರ ಬರದಾರಂತ್ರಿ ಸಾಹೇಬ್ರ?"

ಅಧಿಕಾರಿ ಹಾಳೆಯನ್ನು ಕಣ್ಣಿನ ಹತ್ತಿರ ತಂದು ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದರು. "ಹುಸೇನ್... ಸಾಬ್. ಹಂಗೇರಿಯಾಂವ ಇರಬೇಕು. ಅಲ್ಲಿ ಮಂದಿ ಹೊಳಿ ವಿಷಯದಾಗ ಭಾಳ ಶಾಣ್ಯಾ."

ಚಾಚಾ ಅಧಿಕಾರಿಯನ್ನು ಅಡಿಯಿಂದ ಮುಡಿಯ ತನಕ ನೋಡಿದ, ಪ್ರವಾಹ ಅಳೆಯುವವನ ಹಾಗೆ. ಆಮೇಲೆ ನನ್ನ ಕಡೆ ತಿರುಗಿದ.

"ಬಸ್ಯಾ, ನೀ ಹೋಗಿ ಬಂದೀಯಲ್ಲ. ಹಂಗೇರಿ ಮಂದಿಗೆ ಸಿಟ್ಟ ಬಂದ್ರ ಹ್ಯಾಂಗ ಬೈತಾರ? ಸಾಹೇಬ್ರಿಗೆ ನನ್ನ ಭಾಷಾದಾಗ ನಾಕ ಮಾತ ಹೇಳ."

ನಾನು ಬಾಯಿ ತೆರೆದೆ. ಲಿಫ್ಟಿನ ಮುದುಕ, ತಪಾಸಣೆಯವನು, ಸಾಹೇಬರು, ಕಂಡಕ್ಟರು, ಎಲ್ಲರನ್ನೂ ಕರೆದೆ. ಒಬ್ಬರೂ ಬರಲಿಲ್ಲ. ಬಂದದ್ದು ನನಗೂ ಗುರುತಿಲ್ಲದ ಒಂದು ದನಿ, ಒಡಕು, ದೊಡ್ಡದು, ನಡುಗುವಂಥದ್ದು. ಏನೇನು ಬೈದೆ ಎಂದು ಇಲ್ಲಿ ಅಚ್ಚು ಮಾಡುವಂತಿಲ್ಲ. ಪೇಂಟರು ಬೆದರಿ ಕುಂಚ ಕೆಳಗಿಟ್ಟ. ಕಂಬದ ಮೇಲಿನ ಗೆರೆಯನ್ನು ಅಷ್ಟರಲ್ಲೇ ಎಳೆದು ಮುಗಿಸಿದ್ದ, ಸರಿಯಾದ ಜಾಗದಲ್ಲೇ ಎಳೆದಿದ್ದ. ಈ ಸಲ ಯಾರೂ ನಗಲಿಲ್ಲ.

ಶಾಂತಕ್ಕ ಕೈಯಲ್ಲಿದ್ದ ಕೊಡವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಪಕ್ಕದವಳಿಗೆ ಹೇಳಿದಳು: "ಅಯ್ಯ, ನಮ್ಮ ಬಸುನ ದನಿ ಹಿಂಗೈತೇನ!"